ಸುರಂಗಬಾವಿಗೆ ಇಳಿಸಿದ ಬೆಳಕು

ಜಹೀರಾಬಾದ್ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯಿಂದ ಎಂಜಿನ್ ಇಳಿಸಿದಾಗ, ನೋಡಲು ನೆರೆದವರಲ್ಲಿ ಅರ್ಧ ಮಂದಿ ಅದನ್ನು ಹಿಟ್ಟಿನ ಗಿರಣಿ ಅಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ. ಒಂದು ಪೆಟ್ರೋಲ್ ಎಂಜಿನ್ನು, ಅದರ ಮಗ್ಗುಲಿಗೆ ಡೈನಮೋ, ಎರಡನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಬಿಗಿದು ಕೆಳಗೆ ಗಾಲಿ ಹಚ್ಚಿದ್ದರು. ಎಲ್ಲಿ ಬೇಕಾದರೂ ಎಳೆದುಕೊಂಡು ಹೋಗಿ ಅಲ್ಲೇ ಬಿಜಲಿ, ಅಂದರೆ ವಿದ್ಯುತ್ತು, ಹುಟ್ಟಿಸಬಹುದಿತ್ತು. ನಾನಾಗ ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಊರು ಕಲ್ಹೇರ್ ಹತ್ತಿರ, ಈ ಕಡೆಯ ಮಾತು ಬರುತ್ತದೆ ಎಂದು ಎಂಜಿನ್ನಿನ ಸಂಗಡ ನನ್ನನ್ನೇ ಕಳಿಸಿದ್ದರು. ಯುದ್ಧದ ಕಾಲ. ಪೆಟ್ರೋಲ್ ಚೀಟಿಯ ಮೇಲೆ ಸಿಗುತ್ತಿತ್ತು, ರಬ್ಬರಿನ ಹೊಸ ತಂತಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಪಸ್ತಾಪುರದ ಆಚೆ ಒಂದು ಕೆಂಪು ಕಲ್ಲಿನ ದಿನ್ನೆ. ಅದರ ಹೊಟ್ಟೆಯಲ್ಲಿ ಹಳೆಯ ಕಾಲದ ಸುರಂಗಬಾವಿ ಇತ್ತು. ಬೀದರಿನಲ್ಲಿ ಇರುವಂಥದ್ದೇ, ಆದರೆ ಸಣ್ಣದು. ನೆಲದೊಳಗೆ ಒಂದೂವರೆ ಆಳೆತ್ತರದ ಕಾಲುವೆ ಕೊರೆದು, ಒರತೆಯ ನೀರನ್ನು ಇಳಿಜಾರಿನಲ್ಲಿ ಹರಿಸಿ, ಊರ ಮುಂದಿನ ಕಲ್ಲಿನ ತೊಟ್ಟಿಗೆ ತಂದುಬಿಟ್ಟಿದ್ದರು. ಗಾಳಿಗಾಗಿ ದಿನ್ನೆಯ ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಿದ್ದವು. ಹಿಂದಿನ ವರ್ಷ ಒಳಗೆಲ್ಲೋ ಚಾವಣಿ ಕುಸಿದು ತೊಟ್ಟಿ ಬತ್ತಿತ್ತು. ಜನ ಕುಂಟೆಯ ನೀರು ಕುಡಿದರು. ವಾಂತಿಭೇದಿ ಬಂತು. ಆ ಊರಲ್ಲಿ ಅಳು ಕೇಳದ ಓಣಿ ಉಳಿಯಲಿಲ್ಲ ಎಂದು ನನಗೆ ಚಕ್ಕಡಿ ಹೊಡೆದವನೇ ಹೇಳಿದ. ಬೇಸಿಗೆ ಏರುವುದರೊಳಗೆ ಸುರಂಗ ತೆರೆಯಲೇಬೇಕಿತ್ತು.

ಕಂದೀಲು ಹಿಡಿದು ಒಮ್ಮೆ ಪ್ರಯತ್ನ ಮಾಡಿದ್ದರಂತೆ. ಚಾವಣಿಯ ಬಿರುಕು ಕಾಣದೆ ಕಲ್ಲು ಕಳಚಿಬಿದ್ದು ಒಬ್ಬನ ಭುಜ ಮುರಿದಿತ್ತು. ಆಮೇಲೆ ಈ ಕೆಲಸಕ್ಕೆಂದು ಸರ್ಕಾರ ಕಳಿಸಿದ್ದ ಇಂಜಿನಿಯರ್ ಸಾಹೇಬರು, ಬೆಳಕಿಲ್ಲದೆ ಇನ್ನೊಬ್ಬರನ್ನೂ ಇಳಿಸುವುದಿಲ್ಲ ಎಂದು ಪಟ್ಟು ಹಿಡಿದು ಈ ಎಂಜಿನ್ ತರಿಸಿದ್ದರು. ಅವರು ಹೈದರಾಬಾದಿನವರು, ಸಣ್ಣ ದನಿ, ಮಾತೆಲ್ಲ ಉರ್ದುವಿನಲ್ಲಿ. ಕಲ್ಲಿನ ಕೆಲಸಕ್ಕೆ ಪೆದ್ದೆಮುಲ್ ಕಡೆಯಿಂದ ಒಬ್ಬ ಮೇಸ್ತ್ರಿ ತನ್ನ ಮಂದಿಯನ್ನು ಕರಕೊಂಡು ಬಂದಿದ್ದ. ಗಂಡಸರು ಒಳಗೆ ಅಗೆಯುವುದು, ಹೆಂಗಸರು ಬುಟ್ಟಿ ಸಾಗಿಸುವುದು. ಹೆಂಗಸರಿಗೆ ಮೇಸ್ತ್ರಿಯ ಹೆಂಡತಿಯೇ ಮುಂದಾಳು. ಎತ್ತರದ, ಒಣಗಿದ ಮೈಯ ಹೆಣ್ಣುಮಗಳು. ಮಾತು ಕಡಿಮೆ.

ಎಂಜಿನ್ ಹಚ್ಚುವ ಮೊದಲು ನಾನು ಒಳಗಿಳಿದು ನೋಡಬೇಕಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು, ಹಗ್ಗ ಸೊಂಟಕ್ಕೆ ಕಟ್ಟಿಸಿಕೊಂಡು, ಕೈಯಲ್ಲಿ ಕಂದೀಲು ಹಿಡಿದು ಇಳಿದೆ. ಗೋಡೆಯಿಂದ ಜಿನುಗಿ ತಗ್ಗಿನಲ್ಲಿ ನಿಂತ ತಣ್ಣನೆಯ ನೀರು ಮೊಣಕಾಲಿನವರೆಗೆ. ಕೆಂಪು ಗೋಡೆಯ ತುಂಬ ಸಣ್ಣ ಸಣ್ಣ ತೂತು, ಪ್ರತಿ ತೂತಿನಲ್ಲೂ ತೇವ. ಬಿಜಲಿಗೆ ತೇವವೆಂದರೆ ತೆರೆದ ಬಾಗಿಲು. ಇಲ್ಲಿ ನೆಲ, ಗೋಡೆ, ಚಾವಣಿ, ಕೆಲಸಗಾರರ ಮೈ, ಎಲ್ಲವೂ ತೇವ.

ಆದ್ದರಿಂದ ನನಗೆ ಗೊತ್ತಿದ್ದ ಎಚ್ಚರಿಕೆಯನ್ನೆಲ್ಲ ಬಳಸಿದೆ. ಎಂಜಿನ್ನನ್ನು ಸುರಂಗದ ಬಾಯಿಯಿಂದ ಸಾಕಷ್ಟು ದೂರ ಒಣ ಹಲಗೆಗಳ ಮೇಲೆ ನಿಲ್ಲಿಸಿ, ಮೇಲೆ ತಗಡು ಮುಚ್ಚಿ, ನಾಲ್ಕೂ ಕಡೆ ತೆರೆದಿಟ್ಟೆ. ನೆಲದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ತಾಮ್ರದ ತಗಡು ಹೂತು, ಚೌಕಟ್ಟಿನಿಂದ ಅದಕ್ಕೆ ದಪ್ಪ ತಂತಿ ಎಳೆದೆ. ಚೌಕಟ್ಟಿಗೆ ಸೋರಿದ ಬಿಜಲಿ ಮುಟ್ಟಿದವನನ್ನು ಬಿಟ್ಟು ನೆಲಕ್ಕೆ ಇಳಿಯಲಿ ಎಂದು. ಒಳಗೆ ತಂತಿಯನ್ನು ಮರದ ಗೂಟಗಳ ಮೇಲೆ, ತಲೆಗಿಂತ ಎತ್ತರದಲ್ಲಿ ಎಳೆದೆ. ಪ್ರತಿದಿನ ಕೆಲಸಕ್ಕೆ ಮೊದಲು ಎರಡು ದೀಪದ ಪರೀಕ್ಷೆ ಮಾಡುತ್ತಿದ್ದೆ. ಡೈನಮೋದ ಎರಡೂ ತಂತಿಗಳ ನಡುವೆ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುವಿನಿಂದ ನೆಲಕ್ಕೆ ತಂತಿ ಕೊಟ್ಟರೆ, ತಂತಿಯೆಲ್ಲ ಸರಿಯಿದ್ದಾಗ ಎರಡೂ ಒಂದೇ ಸಮ ಮಂಕಾಗಿ ಉರಿಯುತ್ತವೆ. ಎಲ್ಲಿಯಾದರೂ ಸೋರಿದರೆ ಒಂದು ಕುಂದಿ ಇನ್ನೊಂದು ಬೆಳಗುತ್ತದೆ.

ಕೊನೆಯದಾಗಿ, ಸುರಂಗದ ಉದ್ದಕ್ಕೂ ಒಂದು ಹಗ್ಗ ಎಳೆದು ಮೇಲಿನ ಗಂಟೆಗೆ ಕಟ್ಟಿದೆ. ಗಂಟೆ ಬಾರಿಸಿದರೆ ಸ್ವಿಚ್ಚಿನ ಹತ್ತಿರ ನಿಂತವನು ಯಾಕೆ ಏನು ಕೇಳದೆ ಹಿಡಿ ಕೆಳಗೆಳೆದು ಬಿಜಲಿ ಕಡಿದುಬಿಡಬೇಕು. ಎಲ್ಲರನ್ನೂ ಕೂಡಿಸಿ ಒಂದು ಮಾತು ಮತ್ತೆ ಮತ್ತೆ ಹೇಳಿದೆ.

“ಯಾರಿಗರೆ ಬಿಜ್ಲಿ ಹಿಡೀತು ಅಂದ್ರ ಅವರನ್ನ ಮುಟ್ಟಬ್ಯಾಡ್ರಿ. ಮುಟ್ಟಿದವರನ್ನೂ ಅದು ಹಿಡೀತದ. ದೀಪ ಆರಿದ ಮ್ಯಾಲನೇ ಮುಟ್ಟಬೇಕು.”

ಮೇಸ್ತ್ರಿಯ ಹೆಂಡತಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು. ಕೂಸು ಇದ್ದರೂ ಮುಟ್ಟಬಾರದೇ ಎಂದು ಕೇಳಿದಳು. ಕೂಸು ಇದ್ದರೂ ಎಂದೆ.

ಮೊದಲ ಸಲ ದೀಪ ಹಚ್ಚಿದ ಬೆಳಗು ನಾನು ಸಾಯುವತನಕ ಮರೆಯುವಂಥದ್ದಲ್ಲ. ಮೇಲೆ ಎಂಜಿನ್ ಗುಡುಗಿತು. ಒಳಗೆ ನಾವೆಲ್ಲ ಕಂದೀಲಿನ ಸುತ್ತ ಗುಂಪಾಗಿ ನಿಂತಿದ್ದೆವು. ಬಲ್ಬು ಮೊದಲು ಕೆಂಪಾಗಿ, ಆಮೇಲೆ ಒಮ್ಮೆಲೇ ಬೆಳ್ಳಗಾಯಿತು. ಸುರಂಗ ನಮ್ಮ ಮುಂದೆ ಎದ್ದು ನಿಂತಿತು. ನೇರವಾಗಿ, ನೂಲು ಹಿಡಿದಂತೆ, ಕಣ್ಣಿಗೆ ನಿಲುಕುವವರೆಗೆ ಕೆಂಪು ಕಮಾನು. ಗೋಡೆಯ ತುಂಬ ಉಳಿಯ ಗೆರೆ, ಒಂದರ ಪಕ್ಕ ಒಂದು, ಬಾಚಿದ ಕೂದಲಿನ ಹಾಗೆ. ಯಾವನೋ ಉಳಿ ಜಾರಿ ತಪ್ಪು ಹೊಡೆದ ಗುರುತು ಕೂಡ ನಿನ್ನೆಯದೆಂಬಂತೆ ಹೊಸದಾಗಿತ್ತು. ಮೇಲಿಂದ ಇಳಿದ ಬೇರುಗಳ ತುದಿಯಲ್ಲಿ ನೀರಿನ ಹನಿಗಳು, ಪ್ರತಿ ಹನಿಯಲ್ಲೂ ಒಂದು ದೀಪ. ಗೋಡೆಯಲ್ಲಿ ಕೈಗೆ ಸಿಗುವ ಎತ್ತರದಲ್ಲಿ ಸಣ್ಣ ಗೂಡುಗಳಿದ್ದವು. ಹಣತೆಯ ಮಸಿ ಇನ್ನೂ ಅವುಗಳಲ್ಲಿ ಅಂಟಿಕೊಂಡಿತ್ತು.

ಸಾಹೇಬರು ಇಳಿದು ಬಂದವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದರು. ಮಸೀದಿಯ ಬಾಗಿಲಲ್ಲಿ ಬಿಡುವ ಹಾಗೆ. ಮೇಸ್ತ್ರಿ ಗೋಡೆಯ ಗೆರೆಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತ. “ಇವರು ಇದನ್ನ ನೋಡೇ ಇಲ್ಲ ನೋಡ್ರಿ” ಅಂದ. “ಮಾಡಿದವರು. ಒಂದೊಂದು ಹಣತಿ ಬೆಳಕಿನಷ್ಟು ನೋಡ್ಯಾರ. ಪೂರಾ ನೋಡಿದವರು ನಾವೇ ಮೊದಲು.”

ಆ ಮಾತು ಕೇಳಿ ನಾನೂ ಒಂದು ಗೆರೆಯ ಮೇಲೆ ಬೆರಳಿಟ್ಟು ನೋಡಿದೆ.

ಕೆಲಸ ಸಾಗಿತು. ಬಲ್ಬು ಉರಿದರೂ ಒಂದು ಕಂದೀಲು ಸದಾ ಹಚ್ಚಿಟ್ಟಿರಬೇಕೆಂದು ನಾನು ಹಟ ಹಿಡಿದಿದ್ದೆ. ಬಲ್ಬಿಗೆ ಗಾಳಿ ಬೇಕಾಗಿಲ್ಲ. ಗಾಳಿ ಕೆಟ್ಟರೂ ಅದು ನಗುತ್ತ ಉರಿಯುತ್ತದೆ. ಕಂದೀಲು ಕುಂದಿದರೆ ಮೇಲೆ ಹತ್ತಬೇಕು ಎಂದು ತಿಳಿಯುತ್ತದೆ.

ಆದರೆ ಕಂದೀಲೂ ಹೇಳದ ಅಪಾಯ ಒಂದಿತ್ತು. ಒಂದು ಮಧ್ಯಾಹ್ನ ಗಾಳಿಯ ದಿಕ್ಕು ತಿರುಗಿತು. ಮೇಲೆ ಇದ್ದ ನನಗೆ ಅದು ಮೊದಲು ಹೊಳೆಯಲಿಲ್ಲ. ಕೆಳಗಿನ ಹೆಂಗಸರು ತಲೆನೋವು ಅಂದರು, ಒಬ್ಬಳು ವಾಂತಿ ಮಾಡಿದಳು. ಇನ್ನೊಬ್ಬಳು ಬುಟ್ಟಿ ಎತ್ತಿದವಳು ಹಾಗೇ ಕುಸಿದಳು. ಸುರಂಗದಲ್ಲಿ ಏನೋ ಇದೆ, ಬೆಳಕಿಗೆ ಸಿಟ್ಟಾಗಿದೆ ಎಂದು ಮಂದಿ ಗುಸುಗುಸು ಸುರುಮಾಡಿದರು. ನಾನು ಕೆಳಗಿಳಿದೆ. ಕಂದೀಲು ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಮೂಗಿಗೆ ಸುಟ್ಟ ಪೆಟ್ರೋಲಿನ ತೆಳು ವಾಸನೆ ಬಡಿಯಿತು. ತಲೆ ಎತ್ತಿ ನೋಡಿದೆ. ಬಾಯಿಯ ಅಂಚಿನಲ್ಲಿದ್ದ ಹುಲ್ಲು ಒಳಮುಖವಾಗಿ ಬಾಗಿತ್ತು. ಎಂಜಿನ್ನಿನ ಹೊಗೆಯನ್ನು ಸುರಂಗ ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತಿತ್ತು. ದಿನ್ನೆಯೇ ಉಸಿರಾಡುತ್ತಿತ್ತು ಅನ್ನಿ.

ಎಲ್ಲರನ್ನೂ ಹೊರಗೆ ಎಳೆದು ಮರದ ಕೆಳಗೆ ಮಲಗಿಸಿದೆವು. ಗಾಳಿ ಸೋಕಿದ ಮೇಲೆ ಒಬ್ಬೊಬ್ಬರೇ ಚೇತರಿಸಿಕೊಂಡರು. ಕುಸಿದವಳು ಕಣ್ಣು ತೆರೆದು ನೀರು ಕೇಳಿದಾಗ ಸಾಹೇಬರು ತಮ್ಮ ಸುರಾಹಿಯಿಂದಲೇ ಬಗ್ಗಿಸಿ ಕೊಟ್ಟರು. ಆ ಹೊಗೆಯ ವಿಷಕ್ಕೆ ಬಣ್ಣವಿಲ್ಲ, ಅದು ದೀಪವನ್ನೂ ಆರಿಸುವುದಿಲ್ಲ, ನಿದ್ದೆ ಬಂದ ಹಾಗೆ ಬಂದು ಜೀವ ಒಯ್ಯುತ್ತದೆ ಎಂದು ನಾನು ಅವರಿಗೆ ಹೇಳಿದೆ. ಎಂಜಿನ್ನನ್ನು ಗಾಳಿ ಯಾವ ಕಡೆಯಿಂದ ಬೀಸಿದರೂ ಹೊಗೆ ಬಾಯಿಗೆ ಮುಟ್ಟದಷ್ಟು ದೂರ, ದಿನ್ನೆಯ ಕೆಳಗಿನ ಹೊಲದ ಬದುವಿಗೆ ಸಾಗಿಸಬೇಕಾಯಿತು.

ದೂರ ಹೋದ ಮೇಲೆ ತಂತಿ ಸಾಲಲಿಲ್ಲ. ಸಾಹೇಬರು ತಾಂಡೂರಿಗೆ ಮನುಷ್ಯನನ್ನು ಓಡಿಸಿದರು. ಅಲ್ಲಿ ಹಾಸುಗಲ್ಲು ಕೊಯ್ಯುವ ಒಬ್ಬರ ಹತ್ತಿರ ಹಳೆಯ ಸುರುಳಿಯೊಂದು ಇತ್ತು. ಬಂದದ್ದನ್ನು ನಾನು ಬಿಸಿಲಲ್ಲಿ ಹರಡಿ, ಒಂದೊಂದು ಗೇಣೂ ಬೆರಳಿನ ನಡುವೆ ಎಳೆದು ನೋಡಿದೆ. ಬಿರುಕು ಬಿಟ್ಟಲ್ಲಿ ಕತ್ತರಿಸಿದೆ. ಉಳಿದದ್ದನ್ನು ನೆಲದ ಮೇಲಿನ ಒಣ ದಾರಿಗೆ ಬಳಸಿ, ನಮ್ಮ ಒಳ್ಳೆಯ ತಂತಿಯನ್ನು ಸುರಂಗಕ್ಕೆ ಬಿಟ್ಟೆ. ಪರೀಕ್ಷೆಯ ದೀಪಗಳು ಸಮನಾಗಿ ಉರಿದವು. ಅಷ್ಟಾದರೂ ದಿನ ಕಳೆದಂತೆ ಒಳಗಿನ ತಂತಿಯ ಹತ್ತಿಯ ಹೊದಿಕೆ ನೀರು ಕುಡಿಯತೊಡಗಿತು. ಒಂದು ದೀಪ ಕೂದಲೆಳೆಯಷ್ಟು ಹೆಚ್ಚು ಬೆಳಗಿದರೂ ಕೆಲಸ ನಿಲ್ಲಿಸಿ ಒಣಗಿಸುತ್ತಿದ್ದೆ. ಒಣಗಿಸಿದ್ದು ಒಳಗೆ ಹೋಗಿ ಮತ್ತೆ ನೆನೆಯುತ್ತಿತ್ತು.

ಕುಸಿತದ ರಾಶಿಯನ್ನು ಮುಟ್ಟಿದ ದಿನ ನಾನು ಕೆಳಗೆ ಇರಬೇಕಿತ್ತು, ಚಾವಣಿಗೆ ದೀಪ ಹಿಡಿಯಲು. ಸ್ವಿಚ್ಚಿಗೆ ಯಾರನ್ನು ನಿಲ್ಲಿಸುವುದು ಎಂದು ನೋಡುತ್ತಿದ್ದಾಗ ಸಾಹೇಬರು ತಾವೇ ನಿಲ್ಲುತ್ತೇನೆ ಅಂದರು. ಕುರ್ಚಿ ಬೇಡ ಎಂದು, ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತರು.

ಮೇಸ್ತ್ರಿ ಕಲ್ಲುಗಳ ಸಂದಿಗೆ ಕಬ್ಬಿಣದ ಹಾರೆ ಹಾಕಿ ಮೀಟುತ್ತಿದ್ದ. ಹೆಂಡತಿ ಅವನ ಪಕ್ಕದಲ್ಲೇ ಬುಟ್ಟಿ ಹಿಡಿದಿದ್ದಳು. ನಾನು ನಾಲ್ಕಾರು ಮಾರು ಹಿಂದೆ. ಒಂದು ದೊಡ್ಡ ಕಲ್ಲು ಜರುಗಿ ಮೇಲಿನ ಗೂಟಕ್ಕೆ ಬಡಿಯಿತು. ಗೂಟ ಮುರಿಯಿತು, ತಂತಿ ಜೋತುಬಿತ್ತು, ಕಲ್ಲು ಅದನ್ನು ಹಾರೆಗೆ ಒತ್ತಿಬಿಟ್ಟಿತು.

ಮೇಸ್ತ್ರಿ ಕೂಗಲಿಲ್ಲ. ಕೂಗಲು ಅವನಿಗೆ ಆಗಲಿಲ್ಲ. ಹಾರೆ ಹಿಡಿದ ಕೈ ಬಿಗಿದುಕೊಂಡಿತು, ಕುತ್ತಿಗೆಯ ನರ ಉಬ್ಬಿದವು, ಬಾಯಿ ತೆರೆದೇ ನಿಂತಿತು. ಒಂದು ತಂತಿ ಎಲ್ಲೋ ಗೋಡೆಯ ತೇವಕ್ಕೆ ಸೋರುತ್ತಿದ್ದಿರಬೇಕು, ಇನ್ನೊಂದು ಹಾರೆಗೆ ತಾಗಿತ್ತು, ನಡುವೆ ನೀರಿನಲ್ಲಿ ಅವನು ನಿಂತಿದ್ದ. ಫ್ಯೂಸ್ ಹಾರಲಿಲ್ಲ. ಒಬ್ಬ ಮನುಷ್ಯನನ್ನು ಕೊಲ್ಲಲು ಬೇಕಾದ ಬಿಜಲಿ ಎಷ್ಟು ಸ್ವಲ್ಪವೆಂದರೆ ಫ್ಯೂಸಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ದೀಪ ಕೂಡ ಕದಲಲಿಲ್ಲ. ಅದೇ ಬೆಳ್ಳನೆಯ ಬೆಳಕಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳ ಕೈಯಿಂದ ಬುಟ್ಟಿ ಬಿತ್ತು. ಎರಡೂ ಕೈ ಅವನ ಕಡೆ ಚಾಚಿದಳು. “ಮುಟ್ಟಬ್ಯಾಡ ಅಕ್ಕಾ!” ಅಂತ ಕೂಗಿ ನಾನು ಗಂಟೆಯ ಹಗ್ಗಕ್ಕೆ ಜೋತುಬಿದ್ದೆ.

ಅವಳ ಕೈಗಳು ಅವನ ಬೆನ್ನಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತವು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳ ಕಣ್ಣು ಗಂಡನ ಮೇಲಿರಲಿಲ್ಲ. ಅವಳು ಬಲ್ಬನ್ನು ನೋಡುತ್ತಿದ್ದಳು. ಅದು ಆರಲಿ ಎಂದು ಕಾಯುತ್ತಿದ್ದಳು. ನಾನು ಎಷ್ಟೋ ದೊಡ್ಡ ಯಂತ್ರಗಳನ್ನು ಕಂಡವನು, ಬಾಯ್ಲರ್ ಕಂಡವನು, ಮಳೆಗಾಲದ ಸಿಡಿಲು ಮರ ಸೀಳಿದ್ದನ್ನು ಕಂಡವನು. ಅಂಥ ಶಕ್ತಿಯನ್ನು ಅದಕ್ಕಿಂತ ಮೊದಲು ಎಲ್ಲಿಯೂ ಕಂಡಿರಲಿಲ್ಲ, ಆಮೇಲೂ ಇಲ್ಲ.

ಕತ್ತಲಾಯಿತು. “ಈಗ ಹಿಡಿ” ಅಂದೆ. ಹೇಳುವುದರೊಳಗೆ ಅವಳು ಹಿಡಿದಿದ್ದಳು. ಕಂದೀಲಿನ ಮಸುಕು ಬೆಳಕಿನಲ್ಲಿ ಇಬ್ಬರೂ ನೀರಿಗೆ ಬಿದ್ದದ್ದು ಕಂಡಿತು.

ಬಾಯಿಯ ಕೆಳಗಿನ ಒಣ ಕಟ್ಟೆಗೆ ಅವನನ್ನು ಎಳೆದು ತಂದೆವು. ಉಸಿರು ಇರಲಿಲ್ಲ. ಕಾರ್ಖಾನೆಯಲ್ಲಿ ಕಲಿಸಿದಂತೆ ಬೋರಲು ಮಲಗಿಸಿ, ಮುಖ ಒಂದು ಕಡೆ ತಿರುಗಿಸಿ, ಕೆಳಪಕ್ಕೆಯ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದೆ, ಬಿಟ್ಟೆ. ಒತ್ತಿದೆ, ಬಿಟ್ಟೆ. ಅವಳು ನನ್ನ ಎದುರಿಗೆ ಕೂತು, ನಾನು ಒತ್ತಿದಾಗ ತಾನೂ ಉಸಿರು ಬಿಟ್ಟು, ನಾನು ಸಡಿಲಿಸಿದಾಗ ತಾನೂ ಎಳೆದುಕೊಳ್ಳುತ್ತಿದ್ದಳು. ಎಷ್ಟು ಹೊತ್ತೋ ತಿಳಿಯದು. ಕೈಯ ಕೆಳಗೆ ಪಕ್ಕೆಗಳು ತಾವಾಗಿಯೇ ಎದ್ದಾಗ ನಾನು ನಂಬಲಿಲ್ಲ. ಇನ್ನೊಮ್ಮೆ ಎದ್ದವು. ಅವನು ಕೆಮ್ಮಿದ.

ಮೇಲೆ ಸಾಹೇಬರು ಇನ್ನೂ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಕೆಳಗೆ ಒತ್ತಿ ಹಿಡಿದಿದ್ದರು. ನಾನು ಎಂಜಿನ್ ನಿಲ್ಲಿಸಿ, ಇನ್ನು ಕೈ ಬಿಡಿರಿ ಅಂದ ಮೇಲೆಯೇ ಬಿಟ್ಟರು.

ಮೇಸ್ತ್ರಿಯ ಅಂಗೈ ಸುಟ್ಟಿತ್ತು, ಬೇರೆ ಏನೂ ಆಗಿರಲಿಲ್ಲ. ಮಾರನೆಯ ದಿನ ಸಾಹೇಬರು ನನ್ನನ್ನು ಕರೆದು ಕೂರಿಸಿಕೊಂಡರು. ಮೇಲಿನ ಅಧಿಕಾರಿಗಳಿಗೆ ಕೆಲಸ ಬೇಗ ಮುಗಿಯಬೇಕು. ಹೊಸ ಗೂಟ ಹೊಡೆದು ತಂತಿಯನ್ನು ಇನ್ನೂ ಎತ್ತರಕ್ಕೆ ಕಟ್ಟಿದರೆ ಆದೀತೇ ಎಂದು ಕೇಳಿದರು. ಆದೀತು ಎಂದರೆ ಅವರು ನಂಬುತ್ತಿದ್ದರು. ನಾನು ಮಾಡಿದ ಪ್ರತಿಯೊಂದು ಎಚ್ಚರಿಕೆಯೂ ಸರಿಯಿತ್ತು, ಆದರೂ ಒಂದು ಕಲ್ಲು ಜರುಗಿದ್ದಕ್ಕೆ ಎಲ್ಲವೂ ಮುರಿದುಬಿತ್ತು. ಆ ತೇವದಲ್ಲಿ ಡೈನಮೋದ ನೂರಾ ಹತ್ತು ವೋಲ್ಟನ್ನು ಕಾಯುವುದು ಮನುಷ್ಯರ ಕೈಯಲ್ಲಿ ಆಗುವ ಮಾತಲ್ಲ. ಅದನ್ನು ಒಳಗೆ ತರದೆ ಇರುವುದಷ್ಟೇ ನಮ್ಮ ಕೈಯಲ್ಲಿತ್ತು.

“ಎಂಜಿನ್ನಿನ ತಂತಿ ಇನ್ನು ನೆಲದ ಒಳಗ ಇಳಿಯಂಗಿಲ್ರಿ” ಅಂದೆ. ಬೆಳಕು ಹೇಗೆ ಎಂದು ಕೇಳಿದರು. ಬಸ್ಸಿನ ಬ್ಯಾಟರಿ ಬೇಕು ಅಂದೆ.

ಬಸ್ಸಿನ ಬ್ಯಾಟರಿ ಹನ್ನೆರಡು ವೋಲ್ಟಿನದು. ಒದ್ದೆ ಕೈಯಿಂದ ಮುಟ್ಟಿದರೂ ಅದು ಮನುಷ್ಯನನ್ನು ಹಿಡಿಯುವುದಿಲ್ಲ. ನಾರಾಯಣಖೇಡದ ಬಸ್ಸಿನ ಡ್ರೈವರು ಪರಿಚಯದವನು. ಅವನು ಬದಲಿ ಬ್ಯಾಟರಿಗಳನ್ನೂ ಮುಂದಿನ ದೀಪದ ಬಲ್ಬುಗಳನ್ನೂ ಹೊಂದಿಸಿ, ಚಿಂದಿಯಲ್ಲಿ ಸುತ್ತಿ, ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ತಂದ. ಹೊಲದ ಬದುವಿನಲ್ಲಿ, ಬಯಲ ಗಾಳಿಯಲ್ಲಿ ಡೈನಮೋದಿಂದ ಅವುಗಳಿಗೆ ಬಿಜಲಿ ತುಂಬಿಸುತ್ತಿದ್ದೆ. ಹನ್ನೆರಡಕ್ಕೆ ನೂರಾ ಹತ್ತನ್ನು ನೇರ ಕೊಟ್ಟರೆ ಬ್ಯಾಟರಿ ಉಳಿಯುವುದಿಲ್ಲ, ಅದಕ್ಕೇ ಸುರಂಗದ ದೊಡ್ಡ ಬಲ್ಬುಗಳನ್ನೇ ನಡುವೆ ಜೋಡಿಸಿ ಅದರ ಬಿರುಸು ತಗ್ಗಿಸಿದೆ. ತುಂಬುವಾಗ ಬ್ಯಾಟರಿಯಿಂದ ಕಿಡಿಗೆ ಹತ್ತುವ ಗಾಳಿ ಹೊರಡುತ್ತದೆ, ಆದ್ದರಿಂದ ಬೀಡಿ ಸೇದುವವರನ್ನು ಆ ಕಡೆ ಸುಳಿಯಗೊಡುತ್ತಿರಲಿಲ್ಲ.

ತುಂಬಿದ ಬ್ಯಾಟರಿಯನ್ನು ಬುಟ್ಟಿಯಲ್ಲಿ ಇಳಿಸುವುದು, ಖಾಲಿಯಾದದ್ದನ್ನು ಮೇಲೆ ಎಳೆಯುವುದು. ಸಣ್ಣ ವೋಲ್ಟು ಉದ್ದ ತಂತಿಯಲ್ಲಿ ದಾರಿಯಲ್ಲೇ ಸೊರಗುತ್ತದೆ, ಹೀಗಾಗಿ ಬ್ಯಾಟರಿ ದೀಪದ ಪಕ್ಕದಲ್ಲೇ ಇರಬೇಕು. ಬಸ್ಸಿನ ಬಲ್ಬುಗಳನ್ನು ಹಳೆಯವರ ಹಣತೆಯ ಗೂಡುಗಳಲ್ಲಿ ಇಟ್ಟೆವು. ಅಳತೆ ಮಾಡಿಸಿದಂತೆ ಕೂತವು. ಬೆಳಕು ಮೊದಲಿನಷ್ಟು ಇರಲಿಲ್ಲ, ಹಳದಿಯಾಗಿ, ಹತ್ತಿರದ್ದನ್ನಷ್ಟೇ ತೋರಿಸುತ್ತಿತ್ತು. ಕೆಲಸ ನಿಧಾನವಾಯಿತು. ಮೇಲಿನವರಿಂದ ಒಂದೆರಡು ಬಿರುಸಿನ ಮಾತು ಬಂದವು ಎಂದು ಕೇಳಿದೆ. ಸಾಹೇಬರು ಅವನ್ನು ನನ್ನವರೆಗೆ ಬರಗೊಡಲಿಲ್ಲ.

ಮೇಸ್ತ್ರಿ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಇಳಿದ. ಅವನು ಇಳಿಯುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಮೊದಲ ಸಲ ಆ ಸಣ್ಣ ದೀಪದ ತಂತಿ ಕಂಡು ಅವನ ಹೆಂಡತಿ ನಿಂತುಬಿಟ್ಟಳು. ನಾನು ಕೈಯನ್ನು ನೀರಲ್ಲಿ ಅದ್ದಿ ಬ್ಯಾಟರಿಯ ಎರಡೂ ಕಡೆ ಮುಟ್ಟಿ ತೋರಿಸಿದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ತಾನೂ ಮುಟ್ಟಿದಳು. ಅವತ್ತೇ, ನಾನು ಕೇಳದೆಯೇ, ಆ ದಿನದ ಮಾತು ತೆಗೆದಳು.

“ಅಣ್ಣಾ, ಅವತ್ತು ನನ್ನ ಕೈ ನನ್ನ ಮಾತು ಕೇಳಲಾರದಂಗ ಆಗಿತ್ತು. ನಾ ಕೈಗೆ ಹೇಳೇ ಇಲ್ಲ. ದೀಪಕ್ಕ ಹೇಳ್ದೆ, ಆರು, ಆರು ಅಂತ.”

ರಾಶಿ ಒಡೆದದ್ದು ಒಂದು ಬೆಳಗಿನ ಜಾವ ಕಳೆದು ಬಿಸಿಲೇರುವ ಹೊತ್ತಿಗೆ. ಮೊದಲು ಸಪ್ಪಳ ಬಂತು. ದೂರದಲ್ಲಿ ಯಾರೋ ಗೊರಕೆ ಹೊಡೆದಂತೆ. ಮೇಸ್ತ್ರಿ ಕೈ ಎತ್ತಿ ಎಲ್ಲರನ್ನೂ ಹಿಂದೆ ಸರಿಸಿದ. ಬ್ಯಾಟರಿಗಳನ್ನು ಮೇಲೆ ಕಳಿಸಿದೆವು, ಹೆಂಗಸರು ಹತ್ತಿದರು, ಗಂಡಸರು ಹತ್ತಿದರು. ಕೊನೆಗೆ ಅವನು ಉದ್ದ ಗಳುವಿನಿಂದ ಕಲ್ಲೊಂದನ್ನು ಚುಚ್ಚಿ ಓಡಿ ಬಂದು ಮೇಲೆ ಹತ್ತಿದ. ರಾಶಿ ಒಳಗಿಂದ ಉಬ್ಬಿ, ಬಿರಿದು, ಕೆಂಪು ನೀರು ಸುರಂಗದ ತುಂಬ ನುಗ್ಗಿತು. ಬಾಯಿಯ ಅಂಚಿನಲ್ಲಿ ಬೋರಲು ಮಲಗಿ ನೋಡುತ್ತಿದ್ದ ನಮ್ಮ ಮುಖಕ್ಕೆ ತಂಪು ಗಾಳಿ ಬಡಿಯಿತು. ಎಷ್ಟೋ ತಿಂಗಳು ದಿನ್ನೆಯೊಳಗೆ ತಡೆದು ನಿಂತಿದ್ದ ಗಾಳಿ. ಊರ ಕಡೆಯಿಂದ ಸ್ವಲ್ಪ ಹೊತ್ತಿನ ಮೇಲೆ ಗದ್ದಲ ಕೇಳಿಸಿತು. ತೊಟ್ಟಿಗೆ ನೀರು ಮುಟ್ಟಿತ್ತು.

ಮೂರ್ನಾಲ್ಕು ದಿನಕ್ಕೆ ನೀರು ತಿಳಿಯಾಗಿ ಹಿಂದಿನ ಮಟ್ಟಕ್ಕೆ ಇಳಿಯಿತು. ಎಂಜಿನ್ ಆಗಲೇ ಚಕ್ಕಡಿ ಏರಿತ್ತು. ಉಳಿದ ಗೂಟ, ಹಗ್ಗ ತೆಗೆಯಲು ನಾನೊಬ್ಬನೇ ಕಂದೀಲು ಹಿಡಿದು ಇಳಿದೆ. ಎಲ್ಲವನ್ನೂ ಬುಟ್ಟಿಗೆ ತುಂಬಿ ಮೇಲೆ ಕಳಿಸಿದೆ. ಆಮೇಲೆ ಏನನಿಸಿತೋ, ಬಾಯಿಯ ಬೆಳಕು ಬೀಳದಷ್ಟು ಒಳಗೆ ಹೋಗಿ ಕಂದೀಲನ್ನೂ ಊದಿ ಆರಿಸಿದೆ.

ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಆದಂಥ ಕತ್ತಲು. ಮೊಣಕಾಲ ಸುತ್ತ ನೀರು ಹರಿಯುತ್ತಿತ್ತು. ಅವಸರವಿಲ್ಲದೆ, ನಾನು ಇರುವುದನ್ನು ಗಮನಿಸದೆ, ಯಾವ ಎಂಜಿನ್ನೂ ತಳ್ಳದೆ. ಗೋಡೆಗೆ ಅಂಗೈ ಒತ್ತಿದೆ. ಒಳಗೆಲ್ಲ ಸಣ್ಣಗೆ ಜಿನುಗುವ ಸದ್ದು.

ನನ್ನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಅಲುಗಾಡಿತು. ಮೇಲಿಂದ ಮೇಸ್ತ್ರಿಯ ದನಿ ಗಾಬರಿಯಲ್ಲಿ ಇಳಿದು ಬಂತು. “ಫಿಟ್ಟರಪ್ಪಾ, ದೀಪ ಯಾಕ ಹೋತು? ಏನಾತರಿ?”

“ಏನೂ ಆಗಿಲ್ಲ ಮೇಸ್ತ್ರಿ” ಅಂದೆ. “ನೀರಿನ ಸಪ್ಪಳ ಕೇಳಾಕತ್ತೀನಿ. ತಡೀರಿ ಇಷ್ಟು.”

ಅವನು ಹಗ್ಗವನ್ನು ಸಡಿಲ ಬಿಟ್ಟ.